ಹಾಕದ ಸುತ್ತು

ಒರೆಸ್ಟ್ ಬಾಬಿಯಾಕ್ ಮಣ್ಣು ತೋಡುವ ಯಂತ್ರಗಳ ಮೇಲೆ ಕೂತು ಇಪ್ಪತ್ತೊಂದು ವರ್ಷ ದುಡಿದ, ಆಮೇಲೆ ಹದಿನೇಳು ವರ್ಷ ಆ ಕೆಲಸವನ್ನು ಬೇರೆಯವರಿಗೆ ಕಲಿಸಿದ. ಇಷ್ಟು ವರ್ಷಗಳಲ್ಲಿ ಅವನು ಒಂದು ನೀರಿನ ಕೊಳವೆ ಒಡೆದವನಲ್ಲ, ಒಂದು ತಂತಿ ಕಿತ್ತವನಲ್ಲ, ಯಾರ ಕಾಲ್ಬೆರಳಿಗೂ ಏಟು ಮಾಡಿದವನಲ್ಲ. ನಮ್ಮ ಯಾರ್ಕ್‌ಟನ್ ಊರಿನ ಕಡೆ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಒರೆಸ್ಟ್‌ನನ್ನು ಕೇಳಿದರೆ ಮಾತ್ರ ಅವನು ಮಾತು ಬದಲಾಯಿಸುತ್ತಾನೆ.

ಅವನ ಶಾಲೆ ಇದ್ದದ್ದು ಊರಾಚೆಯ ಹಳೆಯ ಜಲ್ಲಿ ಗುಂಡಿಯಲ್ಲಿ. ಒಂದು ಡೋಜರ್, ಎರಡು ಲೋಡರ್, ಬಣ್ಣ ಹೋದ ಒಂದು ಎಕ್ಸ್‌ಕವೇಟರ್, ಒಂದು ತಗಡಿನ ಶೆಡ್ಡು. ಆರು ವಾರದ ತರಬೇತಿ. ಬಂದವರೆಲ್ಲ ಮೊದಲ ದಿನವೇ ಲಿವರ್ ಹಿಡಿಯುವ ಆಸೆಯಲ್ಲಿ ಬರುತ್ತಿದ್ದರು. ಒರೆಸ್ಟ್ ಅವರನ್ನು ಮೂರು ದಿನ ಬರೀ ನಡೆಸುತ್ತಿದ್ದ. ಯಂತ್ರ ಹತ್ತುವ ಮೊದಲು ಅದರ ಸುತ್ತ ಪೂರ್ತಿ ಒಂದು ಸುತ್ತು ಬರಬೇಕು. ಎಣ್ಣೆ ಸೋರಿದೆಯೇ, ಟೈರು ಹೇಗಿದೆ, ಹೊಟ್ಟೆಯ ಕೆಳಗೆ ಏನಿದೆ, ಎಲ್ಲಕ್ಕಿಂತ ಹೆಚ್ಚಾಗಿ, ಹಿಂದೆ ಯಾರಿದ್ದಾರೆ.

“ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಮನೆ ಸುತ್ತ ತಿರುಗ್ತೀರಲ್ಲ, ಹಂಗಲ್ಲ. ಕೀಲಿಕೈ ಕಳ್ಕೊಂಡೋರು ತಿರುಗೋ ಹಂಗೆ ತಿರುಗ್ರಿ,” ಎನ್ನುತ್ತಿದ್ದ.

ಅವರು ನಗುತ್ತಿದ್ದರು, ತಿರುಗುತ್ತಿದ್ದರು, ಎರಡನೆಯ ವಾರ ಮರೆಯುತ್ತಿದ್ದರು. ಅದರಲ್ಲೂ ನಮ್ಮ ಕಡೆಯ ರೈತರ ಮಕ್ಕಳಿಗೆ ಇದನ್ನು ಕಲಿಸುವುದು ಕಲ್ಲಿನ ಮೇಲೆ ಮಳೆಗರೆದ ಹಾಗೆ. ಅವರು ಎಂಟನೇ ವಯಸ್ಸಿಗೆ ಟ್ರ್ಯಾಕ್ಟರ್ ಹತ್ತಿದವರು. ಗೋಧಿ ಹೊಲದಲ್ಲಿ ಸುತ್ತ ಒಂದು ಮೈಲಿ ನರಪಿಳ್ಳೆ ಇರುವುದಿಲ್ಲ. ಹಿಂದೆ ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ. ಅಪ್ಪ ನೋಡಲಿಲ್ಲ, ಅಜ್ಜ ನೋಡಲಿಲ್ಲ, ಇವರು ಯಾಕೆ ನೋಡುತ್ತಾರೆ? ಒರೆಸ್ಟ್ ಸ್ವತಃ ಅಂಥ ಹೊಲದಿಂದಲೇ ಬಂದವನು, ಆದ್ದರಿಂದ ಅವನಿಗೆ ಅವರ ಮೇಲೆ ಕೋಪವೂ ಇತ್ತು, ಸಲಿಗೆಯೂ ಇತ್ತು.

ಚಳಿಗಾಲದಲ್ಲಂತೂ ಈ ಸುತ್ತು ಇನ್ನೂ ಮುಖ್ಯ. ಸೊನ್ನೆಗಿಂತ ಮೂವತ್ತು ಕೆಳಗೆ ಹೋದರೆ ಡೀಸೆಲ್ ಎಂಜಿನ್ನನ್ನು ಯಾರೂ ಆರಿಸುವುದಿಲ್ಲ. ಆರಿಸಿದರೆ ಅದು ಮತ್ತೆ ಹೊತ್ತಿಕೊಳ್ಳುವುದು ದೇವರಿಗೇ ಪ್ರೀತಿ. ಕಾಫಿಗೆ ಹೋದಾಗಲೂ ಅದು ಗುರುಗುಡುತ್ತಲೇ ಇರುತ್ತದೆ. ಲೋಡರಿನ ಎಂಜಿನ್ ಇರುವುದು ಹಿಂಭಾಗದಲ್ಲಿ, ಅಲ್ಲಿಂದ ಬಿಸಿಗಾಳಿ ಬರುತ್ತಿರುತ್ತದೆ. ಕೆಳಗೆ ಕೆಲಸ ಮಾಡುವವರು ಕೈಗವಸು ತೆಗೆದು ಆ ಗಾಳಿಗೆ ಬೆರಳೊಡ್ಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಕೂರಬಾರದು ಎಂದು ಎಲ್ಲರಿಗೂ ಗೊತ್ತು. ಬೆರಳು ಸೆಟೆದಾಗ ಗೊತ್ತಿರುವುದೆಲ್ಲ ಮರೆತುಹೋಗುತ್ತದೆ.

ಒಂಬತ್ತು ವರ್ಷದ ಹಿಂದಿನ ತಂಡದಲ್ಲಿ ಲಾರ್ನ್ ಪ್ರೊಕೊಪ್ ಎಂಬವನು ಬಂದ. ಮೂವತ್ತೆಂಟರ ಆಳು, ಮಾತು ಕಡಿಮೆ, ಭೂಮಿಯನ್ನು ತಮ್ಮನಿಗೆ ಬಿಟ್ಟು ಸಂಬಳದ ಕೆಲಸ ಹುಡುಕಿ ಬಂದಿದ್ದ. ಅವನ ಕೈ ಎಂಥದೆಂದರೆ, ಎಕ್ಸ್‌ಕವೇಟರಿನ ಬಕೆಟ್ಟಿನ ಹಲ್ಲಿನಿಂದ ಕಾಫಿ ಲೋಟದ ಮುಚ್ಚಳ ಎತ್ತಿ ಪಕ್ಕಕ್ಕಿಡುತ್ತಿದ್ದ, ಒಂದು ತೊಟ್ಟು ಚೆಲ್ಲದೆ. ಒರೆಸ್ಟ್ ಉಳಿದವರನ್ನು ಕರೆದು ತೋರಿಸುತ್ತಿದ್ದ. “ನೋಡ್ರೋ, ಕಣ್ಣು ಬಿಟ್ಕೊಂಡು ನೋಡ್ರಿ. ಇದನ್ನ ನಾನು ಕಲ್ಸಕ್ಕಾಗಲ್ಲ.” ಹೇಳುವಾಗ ಅವನ ಮುಖ ಮಗನಿಗೆ ಬಹುಮಾನ ಬಂದ ತಂದೆಯ ಹಾಗೆ ಅರಳುತ್ತಿತ್ತು. ಅವನಿಗೂ ಹೆಂಡತಿ ಡೋರೀನ್‌ಗೂ ಮಕ್ಕಳಿರಲಿಲ್ಲ.

ಕೊನೆಯ ಪರೀಕ್ಷೆ ಫೆಬ್ರವರಿಯಲ್ಲಿ ಬಂತು. ಅಂದು ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ, ಜೊತೆಗೆ ಗಾಳಿ. ಹನ್ನೊಂದು ಜನ. ಲಾರ್ನ್ ಕೊನೆಯವನು. ಶೆಡ್ಡಿನೊಳಗೆ ಇಗರ್ಜಿಯ ಹೆಂಗಸರು ಕಳಿಸಿದ್ದ ಕೋಸಿನ ಸುರುಳಿ, ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಒಲೆಯ ಮೇಲೆ ಕಾದಿದ್ದವು, ಈರುಳ್ಳಿ ಹುರಿದ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಹತ್ತು ಮಂದಿ ಆಗಲೇ ಒಳಗೆ ಸೇರಿ ಕಿಟಕಿಯಿಂದ ಇಣುಕುತ್ತಿದ್ದರು.

ಲಾರ್ನ್ ಶೆಡ್ಡಿನಿಂದ ಹೊರಟ, ನೆಟ್ಟಗೆ ಲೋಡರಿನ ಏಣಿಗೆ ಬಂದ, ಹತ್ತಿದ, ಕೂತ. ಸುತ್ತು ಹಾಕಲಿಲ್ಲ.

ಪರೀಕ್ಷೆಯ ಹಾಳೆಯಲ್ಲಿ ಮೊದಲ ಸಾಲೇ ಅದು. ಅದೊಂದು ತಪ್ಪಿದರೆ ಉಳಿದದ್ದು ನೋಡುವಂತಿಲ್ಲ, ಒಂದು ವಾರ ಬಿಟ್ಟು ಮತ್ತೆ ಬರಬೇಕು. ಲಾರ್ನ್‌ಗೆ ಸೋಮವಾರದಿಂದ ಕೆಲಸ ನಿಶ್ಚಯವಾಗಿತ್ತು. ಒರೆಸ್ಟ್ ಹಾಳೆ ಹಿಡಿದು ನಿಂತ. ಆ ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ, ಹೊರಗೆ ಬರೆಯುವುದೆಲ್ಲ ಪೆನ್ಸಿಲ್ಲಿನಲ್ಲಿ. ಮೊದಲ ಸಾಲಿನ ಮುಂದೆ ಸರಿ ಎಂದು ಸಣ್ಣದೊಂದು ಗೀಟು ಎಳೆದು, ಶುರುಮಾಡು ಎಂದು ಕೈ ಬೀಸಿದ. ಮುಂದಿನ ಇಪ್ಪತ್ತು ನಿಮಿಷ ಲಾರ್ನ್ ಮಾಡಿದ ಕೆಲಸದಲ್ಲಿ ಒಂದು ಕೊಂಕೂ ಇರಲಿಲ್ಲ.

ಆಮೇಲೆ ಒಳಗೆ, ಒಲೆಯ ಪಕ್ಕ, ಒಂದು ಕೈಯಲ್ಲಿ ತಟ್ಟೆ ಹಿಡಿದು ಒರೆಸ್ಟ್ ಪೆನ್ಸಿಲ್ ಗುರುತುಗಳ ಮೇಲೆಲ್ಲ ಪೆನ್ನಿನಲ್ಲಿ ತಿದ್ದಿದ, ಸಹಿ ಹಾಕಿದ. ಪೆನ್ಸಿಲ್ ಗೀಟನ್ನು ಬೇಕಾದರೆ ಚಳಿಯ ತಲೆಗೆ ಕಟ್ಟಬಹುದು. ಪೆನ್ನು ಹಿಡಿದಾಗ ಅವನ ಬೆರಳು ಬೆಚ್ಚಗಿದ್ದವು. ಇದನ್ನು ಅವನು ಆಮೇಲೆ ಎಷ್ಟೋ ಸಲ ನೆನೆದು ತನ್ನನ್ನು ತಾನೇ ಹಳಿದುಕೊಂಡ.

ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ಚಳಿಗಾಲದಲ್ಲಿ, ಪಕ್ಕದ ಊರಿನಲ್ಲಿ ನೀರಿನ ಕೊಳವೆ ಹಾಕುವ ಕೆಲಸದಲ್ಲಿ, ಲಾರ್ನ್ ಕಾಫಿ ಕುಡಿದು ಬಂದು ನೆಟ್ಟಗೆ ಲೋಡರ್ ಹತ್ತಿದ. ಯಂತ್ರವನ್ನು ಹಿಂದಕ್ಕೆ ಬಿಡುವ ಮೊದಲು ಮೂರು ಸಲ ಹಾರ್ನ್ ಹೊಡೆದು ಒಂದು ಗಳಿಗೆ ಕಾಯಬೇಕು. ಅವನು ಹಾರ್ನ್ ಹೊಡೆಯುತ್ತಲೇ ಹಿಂದಕ್ಕೆ ಬಿಟ್ಟ. ಆಳ ಅಳೆಯುವ ಕೋಲಿನವನು, ಮೈರನ್ ಎಂಬವನು, ಬಿಸಿಗಾಳಿಗೆ ಕೈಯೊಡ್ಡಿ ಅಲ್ಲೇ ಕೂತಿದ್ದ. ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು.

ಬೇಸಿಗೆಯಲ್ಲಿ ವಿಚಾರಣೆ ನಡೆಯಿತು. ಒರೆಸ್ಟ್‌ನನ್ನೂ ಕರೆಸಿದರು. ಉದ್ದ ಮೇಜು, ಈ ಬದಿಯಲ್ಲಿ ಇವನು, ಎದುರು ಬದಿಯಲ್ಲಿ ಲಾರ್ನ್. ಅಧಿಕಾರಿ ಹೆಂಗಸು ಆ ಹಳೆಯ ಹಾಳೆಯನ್ನು ಮುಂದಿಟ್ಟಳು.

“ಈ ಸಹಿ ನಿಮ್ದೇನಾ?”

“ನಂದೇ.”

“ಹತ್ತೋ ಮೊದ್ಲು ಸುತ್ತು ಹಾಕ್ಬೇಕು ಅಂತ ಇವ್ರಿಗೆ ಹೇಳ್ಕೊಟ್ಟಿದ್ರಾ?”

“ದಿನಾ ಹೇಳ್ತಿದ್ದೆ. ಬೇಕಾದ್ರೆ ಅವ್ನನ್ನೇ ಕೇಳಿ.”

“ಪರೀಕ್ಷೆ ದಿನ ಇವ್ರು ಹಾಕಿದ್ರಾ?”

ಒರೆಸ್ಟ್ ಮೇಜಿನ ಮೇಲಿನ ಹಾಳೆ ನೋಡಿದ. “ಅಲ್ಲಿ ಬರೆದಿದೆಯಲ್ಲ,” ಎಂದ.

ಸುಳ್ಳು ಹೇಳಲಿಲ್ಲ ನೋಡಿ. ಬರೆದಿದ್ದದ್ದು ನಿಜವೇ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಸುಮ್ಮನೆ ಅಂದಿಲ್ಲ ಹಿರಿಯರು. ತೀರ್ಮಾನ ಹೀಗೆ ಬಂತು: ಶಾಲೆ ಸರಿಯಾಗಿ ಕಲಿಸಿದೆ, ಲಾರ್ನ್ ಕಲಿತು ಮಾಡಿ ತೋರಿಸಿದ್ದಾನೆ, ಆದರೂ ಕೆಲಸದ ಜಾಗದಲ್ಲಿ ಬೇಕೆಂದೇ ಅಲಕ್ಷ್ಯ ಮಾಡಿದ್ದಾನೆ. ಗೊತ್ತಿಲ್ಲದವನಿಗೆ ಒಂದು ದಾರಿ ಇರುತ್ತದೆ, ಗೊತ್ತಿದ್ದೂ ಮಾಡದವನಿಗೆ ಇರುವುದಿಲ್ಲ. ಲಾರ್ನ್‌ನ ಪರವಾನಗಿ ಹೋಯಿತು. ಅಂಥ ಕೈಯವನು ಬೀಜ ಹಸನು ಮಾಡುವ ಕಾರ್ಖಾನೆಯಲ್ಲಿ ಚೀಲ ಹೊಲಿಯುವುದಕ್ಕೆ ಸೇರಿದ.

ಅಂದಿನಿಂದ ಒರೆಸ್ಟ್ ಬೇರೆಯೇ ಮನುಷ್ಯನಾದ. ಸುತ್ತು ತಪ್ಪಿಸಿದವನನ್ನು ಯಾರ ಮಗನಾದರೂ ಸರಿ, ಮನೆಗೆ ಕಳಿಸುತ್ತಿದ್ದ. ಒಂದು ಚಳಿಗಾಲದಲ್ಲಿ ಹನ್ನೆರಡರಲ್ಲಿ ಏಳು ಜನರನ್ನು ಅನುತ್ತೀರ್ಣ ಮಾಡಿದ. “ಮುದುಕನಿಗೆ ಹುಚ್ಚು. ಅವ್ನು ಸತ್ರೆ ಹೆಣದ ಪೆಟ್ಟಿಗೆಗೂ ಮೊದ್ಲು ಒಂದು ಸುತ್ತು ಬಂದೇ ಒಳಗೆ ಮಲಗ್ತಾನೆ,” ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಡೋರೀನ್‌ಗೆ ಮಾತ್ರ ಒಮ್ಮೆ ಎಲ್ಲ ಹೇಳಿಕೊಂಡಿದ್ದ. ಅವಳು ತಟ್ಟೆ ಒರೆಸುತ್ತಾ ಕೇಳಿಸಿಕೊಂಡಳು. “ಪಾಪ ಅಂತ ಬಿಟ್ಟೆ. ನಿನ್ನ ಕರುಣೆನೇ ನಿಂಗೆ ಮುಳುವಾಯ್ತು,” ಎಂದಳು. ಆ ಮಾತು ಅವನಿಗೆ ಹಿತವಾಯಿತು. ಕರುಣೆಯಿಂದ ಆದ ತಪ್ಪು. ಏಳು ವರ್ಷ ಅವನು ಆ ಒಂದು ಪದವನ್ನು ಊರುಗೋಲು ಮಾಡಿಕೊಂಡು ನಡೆದ. ವಿಚಾರಣೆಯ ಕೊಠಡಿ ನೆನಪಾದಾಗಲೆಲ್ಲ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ.

ಈ ಏಪ್ರಿಲ್‌ನಲ್ಲಿ ನಿವೃತ್ತಿಯಾಯಿತು. ಶಾಲೆಯವರು ಊಟ ಹಾಕಿಸಿದರು. ಮುಖ್ಯಸ್ಥ ಎದ್ದು ನಿಂತು ಹೊಗಳುತ್ತಾ ಹೊಗಳುತ್ತಾ ಹೇಳಿದ, “ನಮ್ ಒರೆಸ್ಟ್ ಸಹಿ ಹಾಕಿದ್ ಕಾಗದ ಅಂದ್ರೆ ಕಲ್ಲಲ್ಲಿ ಕೆತ್ತಿದ್ದು. ವಿಚಾರಣೆಯೋರ ಮುಂದೆನೇ ಅಲ್ಲಾಡ್ಲಿಲ್ಲ ರೀ ಅದು.” ಎಲ್ಲರೂ ಚಪ್ಪಾಳೆ ತಟ್ಟಿದರು. ಒರೆಸ್ಟ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವರು ಕೊಟ್ಟ ಫಲಕವನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೋರಲಾಗಿ ಹಾಕಿದ. ಲಾರ್ನ್‌ಗೆ ಹೇಳದೆ ತನಗೆ ಇನ್ನು ಉಸಿರಾಡಲು ಆಗುವುದಿಲ್ಲ ಎಂದು ಅವನಿಗೆ ಆಗ ಖಚಿತವಾಯಿತು.

ಮಾರನೆಯ ಬೆಳಿಗ್ಗೆ ಲಾರ್ನ್‌ನ ಮನೆ ಮುಂದೆ ಕಾರು ನಿಲ್ಲಿಸಿದ. ಲಾರ್ನ್ ಕರಗುವ ಹಿಮದ ಕೆಸರಿನಲ್ಲಿ ಕೂತು ಪಿಕಪ್ಪಿಗೆ ಬೇಸಿಗೆಯ ಟೈರು ಹಾಕುತ್ತಿದ್ದ. ಮೈ ಭಾರವಾಗಿತ್ತು, ಗಡ್ಡ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ, ಆಶ್ಚರ್ಯವನ್ನೇನೂ ತೋರಿಸದೆ, “ಬನ್ನಿ ಮೇಷ್ಟ್ರೆ. ಕಾಫಿ ಬೇಕಾ?” ಎಂದ.

“ಬೇಡ. ನಿನ್ಹತ್ರ ಒಂದ್ ಮಾತು ಹೇಳ್ಬೇಕಿತ್ತು ಲಾರ್ನ್. ಆವತ್ತು ಪರೀಕ್ಷೆಲಿ ನೀನು ಸುತ್ತು ಹಾಕಿರ್ಲಿಲ್ಲ. ನಾನು ಹಾಕ್ದ ಅಂತ ಬರ್ದೆ.”

ಲಾರ್ನ್ ನಟ್ಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. “ಹಾಕಿದ್ನೋ ಇಲ್ವೋ ನಂಗೆ ಗೊತ್ತಿರಲ್ವಾ ಮೇಷ್ಟ್ರೆ? ನಡೀಬೇಕಾಗಿದ್ದ ಕಾಲು ನಂದಲ್ವಾ?”

ಒರೆಸ್ಟ್‌ಗೆ ಇದು ಹೊಳೆದೇ ಇರಲಿಲ್ಲ. ಏಳು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡ ಗುಟ್ಟು ಮೊದಲಿನಿಂದಲೂ ಇಬ್ಬರದಾಗಿತ್ತು. “ಮತ್ತೆ ವಿಚಾರಣೇಲಿ ಯಾಕಯ್ಯ ಬಾಯಿ ಬಿಡ್ಲಿಲ್ಲ?”

“ನೀವು ಹೇಳ್ತೀರಿ ಅಂದ್ಕೊಂಡೆ. ಎದುರಿಗೇ ಕೂತಿದ್ರಲ್ಲ. ಕಾಯ್ತಾ ಇದ್ದೆ.” ಇನ್ನೊಂದು ನಟ್ಟಿಗೆ ಕೈ ಹಾಕಿದ. “ಆಮೇಲೆ ನಾನು ಹೇಳಿದ್ರೆ, ಇನ್ನೊಬ್ಬನ ಕಾಲು ಮುರ್ದೋನು ಮೇಷ್ಟ್ರ ಮೇಲೆ ಗೂಬೆ ಕೂರಿಸ್ತಾನೆ ಅಂತಿದ್ರು. ಮೈರನ್ ಕಾಲು ತೆಗ್ದೋನು ನಾನೇ. ಅದನ್ನ ಯಾರ್ ತಲೆಗೂ ಕಟ್ಟಲ್ಲ.”

“ನಿನ್ ಕೆಲ್ಸ ಸೋಮವಾರ ಶುರು ಇತ್ತು. ಹೋಗ್ಲಿ ಪಾಪ ಅಂತ…”

ಲಾರ್ನ್ ಈಗ ಸ್ಪ್ಯಾನರ್ ಕೆಳಗಿಟ್ಟ. ಕೈ ಒರೆಸಿಕೊಂಡು ಎದ್ದು ನಿಂತ. ದನಿ ಏರಲಿಲ್ಲ.

“ಆವತ್ತು ನಾನು ಮರ್ತಿರ್ಲಿಲ್ಲ ಮೇಷ್ಟ್ರೆ. ಚಳಿ ಇತ್ತು, ನೋಡೋಣ ಅಂತ ಹತ್ತಿದೆ. ಮೇಷ್ಟ್ರು ಕರೀತಾರೆ, ಇಳಿಸ್ತಾರೆ, ಉಗೀತಾರೆ ಅಂತ ಸೀಟ್ ಮೇಲೆ ಕೂತು ಒಂದ್ ಗಳಿಗೆ ಕಾದೆ. ನೀವು ಕೈ ಬೀಸಿದ್ರಿ. ಆಗ ತಿಳ್ಕೊಂಡೆ, ಓಹೋ, ಇದು ಬಾಯಲ್ಲಿ ಹೇಳೋಕೆ ಇರೋ ಮಾತು ಅಷ್ಟೇ ಅಂತ. ಆರು ವಾರ ನೀವು ಹೇಳಿದ್ದೇ ಒಂದು, ಕೊನೇ ದಿನ ಕಲಿಸಿದ್ದೇ ಇನ್ನೊಂದು. ಕೊನೇದೇ ನೆನಪುಳೀತು ನೋಡಿ.”

ಒರೆಸ್ಟ್ ಪಿಕಪ್ಪಿನ ಬಾಗಿಲು ಹಿಡಿದುಕೊಂಡ. “ನಾನು ವಿಚಾರಣೆ ಕಚೇರಿಗೆ ಬರೀತೀನಿ. ಇದ್ದದ್ದು ಇದ್ದ ಹಂಗೆ ಬರೀತೀನಿ. ಮೈರನ್‌ಗೂ ಒಂದ್ ಪ್ರತಿ ಕಳಿಸ್ತೀನಿ,” ಎಂದ.

“ಬರೀರಿ. ಪರವಾನಗಿ ವಾಪಸ್ ಬರಲ್ಲ, ಬಂದ್ರೂ ನಂಗೆ ಬೇಡ. ಆದ್ರೂ ಬರೀರಿ.” ಲಾರ್ನ್ ಮತ್ತೆ ಕೆಸರಿನಲ್ಲಿ ಕೂತ. “ಪಾಪ ಅಂತ ಮಾಡ್ದೆ ಅಂತ ಮಾತ್ರ ಬರೀಬೇಡಿ. ಪಾಪ ಅನ್ಸಿದ್ರೆ ಕೆಳಗಿಳಿಸ್ತಿದ್ರಿ.”

ಮನೆಗೆ ಬಂದು ಒರೆಸ್ಟ್ ಅಡುಗೆಮನೆಯ ಮೇಜಿನ ಮುಂದೆ ಕೂತ. ಡೋರೀನ್ ಬೇಡವೆನ್ನಲಿಲ್ಲ, ಕಾಗದ ತಂದುಕೊಟ್ಟಳು. ತಾರೀಕು, ಹೆಸರು, ಆ ದಿನ ನಡೆದದ್ದು, ವಿಚಾರಣೆಯಲ್ಲಿ ತಾನು ಆಡಿದ ಮಾತು, ಎಲ್ಲ ಸಲೀಸಾಗಿ ಬಂತು. ಯಾಕೆ ಹಾಗೆ ಮಾಡಿದೆ ಎನ್ನುವಲ್ಲಿಗೆ ಬಂದು ಪೆನ್ನು ನಿಂತಿತು. ಅಭ್ಯಾಸಬಲದಿಂದ ‘ಕರುಣೆ’ ಎಂದು ಬರೆದ. ಓದಿಕೊಂಡ, ಹೊಡೆದುಹಾಕಿದ. ಅದರ ಬದಲಿಗೆ ಬೇರೆ ಯಾವುದಾದರೂ ಮರ್ಯಾದಸ್ತ ಕಾರಣ ಸಿಗಬಹುದೆಂದು ಮಧ್ಯಾಹ್ನದವರೆಗೆ ಹುಡುಕಿದ. ಡೋರೀನ್ ಎರಡು ಸಲ ಊಟಕ್ಕೆ ಕರೆದಳು. ಆಮೇಲೆ ಅವನು ಇದ್ದದ್ದನ್ನೇ ಬರೆದು ಸಹಿ ಹಾಕಿದ:

“ಚಳಿ ಬಹಳ ಇತ್ತು. ನನಗೆ ಹಸಿವಾಗಿತ್ತು. ಬೇಗ ಒಳಗೆ ಹೋಗಬೇಕೆನಿಸಿತು.”