ಕಾಡಿಗೆ ಮೀಸೆ

ಬದುಕಿದ್ದಾಗ ನನ್ನ ಪ್ರತಿ ಕೆಲಸಕ್ಕೂ ಅಡ್ಡಗಾಲು ಹಾಕುತ್ತಿದ್ದ ಅಪ್ಪ, ಸತ್ತ ಮೇಲೂ ಆ ಚಟ ಬಿಡಲಿಲ್ಲ. ಯಾದಗಿರಿ ಕಡೆಯ ನಮ್ಮೂರಲ್ಲಿ ಅವನ ತಿಥಿ ಮುಗಿಸಿ, ತಲೆ ಮೀಸೆ ಎರಡನ್ನೂ ಬೋಳಿಸಿಕೊಂಡು, ಬೆಳಿಗ್ಗೆ ನಾನು ದುಡಿಯುವ ಮರಾಠಿ ಶಹರಕ್ಕೆ ಮರಳಿ ಕಾತ್ರಜದಲ್ಲಿ ಬಸ್ಸಿಳಿದೆ. ಬಿಬವೇವಾಡಿಯ ಬಾಡಿಗೆ ಖೋಲಿಗೆ ಬಂದವನೇ, ಮನೆಮನೆಗೆ ಊಟ ತಲುಪಿಸುವ ನನ್ನ ಕೆಲಸ ಶುರು ಮಾಡೋಣವೆಂದು ಆಪ್ ತೆರೆದೆ. ಅದಕ್ಕೆ ದಿನವೂ ಮೊದಲು ಸೆಲ್ಫಿ ಬೇಕು. ಕೊಟ್ಟೆ. ಹಳೆಯ ಫೋಟೋಕ್ಕೆ ಮುಖ ಹೊಂದುತ್ತಿಲ್ಲ ಎಂದಿತು. ಕಿಟಕಿಯ ಬೆಳಕಿಗೆ ನಿಂತು ಇನ್ನೊಮ್ಮೆ ಕೊಟ್ಟೆ. ಮತ್ತೆ ಅದೇ ರಾಗ. ಮೂರನೆಯ ಸಲವೂ ತಪ್ಪಿದರೆ ಐಡಿ ಕಾಯಂ ಬಂದ್. ಐಡಿ ಹೋದರೆ ಕೆಲಸವೂ ಹೋದಂತೆಯೇ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನನ್ನದು ಉಲ್ಟಾ. ಜುಟ್ಟು ಹೋಗಿದ್ದಕ್ಕೇ ಹಿಟ್ಟಿಗೆ ಕುತ್ತು ಬಂದಿತ್ತು.

ಹೆಲ್ಪ್‌ಲೈನಿಗೆ ಫೋನ್ ಮಾಡಿ ಮರಾಠಿಯಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಸಿಟ್ಟು ನೆತ್ತಿಗೇರಿ ಕನ್ನಡದಲ್ಲೂ ಹೇಳಿದೆ. ಆ ಕಡೆಯ ಹುಡುಗಿ, "ಸರ್, ಕೇಸ್ ವಾಢೇಪರ್ಯಂತ ಥಾಂಬಾ" ಅಂದಳು. ಕೂದಲು ಬೆಳೆಯುವವರೆಗೂ ಕಾಯಬೇಕಂತೆ! ಕಂಪನಿ ನನ್ನನ್ನು ಕರೆಯುವುದು ಪಾರ್ಟ್‌ನರ್ ಅಂತ. ಪಾರ್ಟ್‌ನರನ ಅಪ್ಪ ಸತ್ತರೆ ಕಂಪನಿಗೆ ಸೂತಕವೇನೂ ಇಲ್ಲ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡು, ಕೈ ತೊಳೆದು, ಕಾಡಿಗೆ ಡಬ್ಬಿ ಹಿಡಿದು ಎದುರಿಗೆ ಕುಳಿತಳು.

"ಮೀಸಿ ನಾ ಬರೀತೀನಿ, ಸುಮ್ನ ಕುಂದರ್ರಿ. ಮಷಿನ್‌ಗೇನ್ ತಿಳೀತದ?"

ಗದ್ದ ಹಿಡಿದು ಬರೆಯತೊಡಗಿದಳು. ಅಪ್ಪನೂ ಹೀಗೇ ಗದ್ದ ಹಿಡಿದು ಶಾಲೆಗೆ ಹೊರಟ ನನ್ನ ತಲೆ ಬಾಚುತ್ತಿದ್ದ. ಅಲುಗಾಡಿದರೆ ಬಾಚಣಿಗೆಯಿಂದಲೇ ಒಂದು ಬಿಗಿಯುತ್ತಿದ್ದ. ಊರಲ್ಲಿ ಹೆಣಕ್ಕೆ ಹೆಗಲು ಕೊಟ್ಟಾಗಲೂ ಬಾರದ ಅಳು ಈಗ ಉಕ್ಕಿ ಬಂತು. ಎಂಥ ಅಡ್ಡಗಾಲಿನ ಮುದುಕನಾದರೂ ನನಗೆ ಅವನು ಬೇಕಾಗಿದ್ದ.

"ಅಳಬ್ಯಾಡ್ರೀ, ಕಾಡಿಗಿ ಇಳೀತದ!" ಎಂದು ಗದರಿದಳು. "ಮೊದ್ಲು ಫೋಟೋ ತಗೀರಿ, ಆಮ್ಯಾಲ ಅಳ್ರಿ."

ಮೂರನೆಯ ಸಲ ಮುಖವೊಡ್ಡಿದೆ. ಆಪ್ ಕಣ್ಣು ಮಿಟುಕಿಸು ಎಂದಿತು, ಮಿಟುಕಿಸಿದೆ. ನಗು ಎಂದಿತು. ಅಪ್ಪನನ್ನು ಮಣ್ಣು ಮಾಡಿ ಹದಿನಾಲ್ಕು ದಿನವಾಗಿತ್ತು. ಹಲ್ಲು ಕಿರಿದೆ.

ಹಸಿರು ಗುರುತು ಬಂತು. ಹೆಂಡತಿ ಸೆರಗು ಮುಂದೆ ಹಿಡಿದು, "ಹಾಂ, ಈಗ ಅಳ್ರಿ" ಎಂದಳು. ಅಷ್ಟರಲ್ಲಿ ಎರಡು ಬಿರಿಯಾನಿಯ ಆರ್ಡರ್ ಬಡಿದುಕೊಳ್ಳತೊಡಗಿತ್ತು. ಒಪ್ಪಿಕೊಂಡು ಕೆಳಗಿಳಿದೆ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ದಾರಿಯುದ್ದಕ್ಕೂ ಅತ್ತೆ.