ಅಪ್ಪನ ಎಡಗಡೆ

ತಂಗಿಯ ಮಗಳು ನನ್ನ ತಲೆಯ ಬಲಭಾಗಕ್ಕೆ ಆಯಸ್ಕಾಂತದ ಯಂತ್ರ ಹಿಡಿದು ಟಕ್ ಟಕ್ ಎನಿಸುತ್ತಿದ್ದಳು. ಸಂಶೋಧನೆಯಂತೆ. ಈ ವಯಸ್ಸಿನ ತಲೆಯಲ್ಲಿ ಸಂಶೋಧಿಸಲು ಏನು ಉಳಿದಿದೆಯೋ, ಸುಮ್ಮನೆ ಕೂತಿದ್ದೆ. ಹಾಳೆಯ ಮೇಲಿನ ಗೆರೆಗೆ ನಟ್ಟನಡುವೆ ಗುರುತು ಹಾಕು ಅಂದಳು, ಹಾಕಿದೆ.

"ಬಲಕ್ಕ ಸರದೀಯಲ್ಲ ದೊಡ್ಡವ್ವಾ. ಎಡಕ್ಕ ಗೆರಿ ಇನ್ನೂ ಎಷ್ಟ ಐತಿ ನೋಡು."

"ಕಣ್ಣು ಹೋದವೇನ?"

"ಕಣ್ಣು ಚಲೋ ಅದಾವ. ಮಿದುಳಿನ ಈ ಜಾಗ ಒಂದೀಟು ತಡವರಿಸಿದ್ರ ಎಡಗಡೆ ಇದ್ದದ್ದು ಲಕ್ಷ್ಯಕ್ಕ ಬರಂಗಿಲ್ಲ. ನಿನಗ ಈಗ ಹೋಗತೈತಿ. ಲಕ್ವಾ ಹೊಡದವರಿಗೆ ಭಾಳ ದಿನ ಹಂಗ ಇರತೈತಿ."

ಲಕ್ವಾ ಅಂದಳಲ್ಲ, ನನಗೆ ಎಪ್ಪತ್ತರ ದಶಕದ ವಿಜಾಪುರ, ಇಬ್ರಾಹಿಂಪುರದ ನಮ್ಮ ಮನೆ ನೆನಪಾಯಿತು.

ಅಪ್ಪ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ಊಟಕ್ಕೆ ಕೂತರೆ ಅವನ ಎಡಕ್ಕೆ ನಾನು, ಬಲಕ್ಕೆ ತಂಗಿ. ಬಲಗೈ ರೊಟ್ಟಿಗೆ ಮೀಸಲು; ಎಡಗೈ ಬಿಡುವಾಗಿದ್ದು ಪಕ್ಕದವಳ ಬೆನ್ನ ಮೇಲೆ ಇರುತ್ತಿತ್ತು. ಆ ಜಾಗಕ್ಕಾಗಿ ತಂಗಿಯ ಜಡೆ ಎಳೆದು ಜಗಳಾಡಿ ಗೆದ್ದಿದ್ದೆ. ಮದುವೆಯ ವಯಸ್ಸಿಗೆ ಬಂದರೂ ಬಿಟ್ಟುಕೊಟ್ಟಿರಲಿಲ್ಲ.

ಬಬಲೇಶ್ವರದ ವರನನ್ನು ನಾನು ಒಲ್ಲೆ ಎಂದ ವಾರವೇ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ ಬಿತ್ತು. ಮಾತು ಉಳಿಯಿತು, ನನ್ನ ಪಾಲಿಗಲ್ಲ. ನಾನು ಏನು ಕೇಳಿದರೂ ಬಲಕ್ಕೆ ತಿರುಗಿ ತಂಗಿಗೇ ಉತ್ತರ. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡೆ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ರೊಟ್ಟಿಯನ್ನೂ ಅರ್ಧ ಬಿಡುತ್ತಿದ್ದ. ಅವ್ವ "ಇನ್ನ ಅರ್ಧ ಐತಲ್ರಿ" ಎಂದರೆ "ಎಲ್ಲೈತಿ?" ಎನ್ನುವವನು. ಒಂದು ದಿನ ಅವಳು ಬೇಸತ್ತು ತಾಟನ್ನೇ ತಿರುಗಿಸಿಟ್ಟಳು. "ಈಗ ಹಾಕಿದಿ ಏನ?" ಎಂದು ಅದನ್ನೂ ತಿಂದ. ಅಂದಿನಿಂದ ದಿನಾ ತಾಟು ತಿರುಗಿತು. ನನ್ನ ಜಾಗ ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ, ನಾನು ಎಡಕ್ಕೆ ಕೂತಿರುವಾಗಲೇ, ಅಪ್ಪ ಅವ್ವನನ್ನು ಕೇಳಿದ: "ಹಿರೇಕಿ ಎಲ್ಲಿ ಹೋಗ್ಯಾಳ? ಊಟಕ್ಕೂ ಬರವಲ್ಲಳಲ್ಲ?"

"ಅಲ್ಲೇ ಅದಾಳಲ್ರಿ" ಎಂದು ಅವ್ವ ಹೇಳುವಷ್ಟರಲ್ಲಿ ನಾನು ತಾಟು ಬಿಟ್ಟು ಎದ್ದಿದ್ದೆ. ಚುಚ್ಚುಮಾತು ಅನಿಸಿತ್ತು. ಆಮೇಲೆ ಅಪ್ಪ ಹೋಗುವವರೆಗೂ ಒಲೆಯ ಮುಂದೆ ಒಬ್ಬಳೇ ಉಂಡೆ. ಆ ನೋವನ್ನು ಹೊತ್ತೂ ಹೊತ್ತೂ ಸಾಕಾಗಿಹೋಗಿದೆ.

"ತಲಿ ನೋಯಾಕತ್ತೈತೇನ ದೊಡ್ಡವ್ವಾ?" ಹುಡುಗಿ ಯಂತ್ರ ನಿಲ್ಲಿಸಿದಳು.

ಇಲ್ಲ ಎಂದೆ. ಅಪ್ಪ ಅಂದು ನನ್ನನ್ನು ಹುಡುಕುತ್ತಿದ್ದ. ತಂಗಿಯ ಜೊತೆ ಇನ್ನೊಂದು ಸಲ ಜಗಳಾಡಿ ಬಲಗಡೆಯ ಜಾಗ ಕಿತ್ತುಕೊಂಡಿದ್ದರೆ ಸಾಕಿತ್ತು.