ತವರಿನ ಹೆಸರು

ರೊಟ್ಟಿ ಕಾಕುವಿನ ಬಲ ಅಂಗೈಯಲ್ಲಿ ಗೆರೆಗಳಿರಲಿಲ್ಲ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದು ಬಡಿದು ಅದು ಹಳೆಯ ಹಂಚಿನ ಹಾಗೆ ನುಣುಪಾಗಿತ್ತು. ಬೆರಳ ತುದಿಗಳೂ ಅಷ್ಟೇ. ರೇಷನ್ ಅಂಗಡಿಯ ಯಂತ್ರಕ್ಕೆ ಅವರ ಹೆಬ್ಬೆಟ್ಟು ಹತ್ತುತ್ತಲೇ ಇರಲಿಲ್ಲ. ಜೊತೆಗೆ ಹೋದ ನಾನು ಆ ಬೆರಳನ್ನು ಒರೆಸಿ, ಊದಿ, ಒತ್ತಿ ಹಿಡಿದು ಸಾಕಾಗಿ ಹೋಗುತ್ತಿದ್ದೆ. ಕಾಕು ಮಾತ್ರ ನಗುತ್ತಿದ್ದರು. "ಬಿಡ ಬೇ, ಅದರ ಪ್ರಕಾರ ನಾ ಇಲ್ಲೇ ಇಲ್ಲ."

ನವಲಗುಂದದಲ್ಲಿ ಅವರದು ನಮ್ಮ ಬಾಜು ಮನೆ. ಎರಡೂ ಮನೆಗಳ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಣ್ಣಿನ ಮಾಳಿಗೆ. ನಮ್ಮ ಓಣಿಯಲ್ಲಿ ವಯಸ್ಸಾದ ಹೆಂಗಸರೆಲ್ಲ ಕಾಕುಗಳೇ. ಇವರು ಖಾನಾವಳಿಗಳಿಗೆ ರೊಟ್ಟಿ ಮಾಡಿ ಕೊಡುತ್ತಿದ್ದರಿಂದ ರೊಟ್ಟಿ ಕಾಕು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಿಟ್ಟು ಬಂದ ದಿನ ಅವರ ರೊಟ್ಟಿ ಇನ್ನೂ ತೆಳ್ಳಗಾಗುತ್ತಿದ್ದವು. ಅದನ್ನು ಕಂಡುಕೊಂಡಿದ್ದ ನಮ್ಮವ್ವ ಮನೆಗೆ ಬೀಗರು ಬರುವ ದಿನ ಬೇಕೆಂದೇ ಅವರನ್ನು ಕೆಣಕಿ ಬರುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಸಂಜೆ ಶಾಲೆಯಿಂದ ಬಂದು ಅವರ ಒಲೆಯ ಮುಂದೆ ಜಮಖಾನೆ ಹಾಸಿಕೊಂಡು, ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುತ್ತಾ ಕೂರುವುದು ನನ್ನ ರೂಢಿ. ಒಂದು ದಿನ ಕಾಕು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿ, "ಯಾರ ಬೇ ಇವ್ರು, ನೇಪಾಳದವ್ರೇನ?" ಎಂದರು. ಅಂದಿನಿಂದ ಮೊಬೈಲು ಹಿಟ್ಟಿನ ಡಬ್ಬಿಗೆ ಆನಿಕೊಂಡು ನಿಂತಿತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುವುದು, ಅವರು ರೊಟ್ಟಿ ಬಡಿಯುತ್ತಾ ಕೇಳುವುದು.

ಅದು ಅಲ್ಲಿನ ಯಾವುದೋ ಹಳ್ಳಿಯ ಕಥೆ. ಅಂಗಳದ ಜಾಡಿಗಳಲ್ಲಿ ಇರುವ ದೇವರು, ಹಳೆಯ ಪೊರಕೆಯಿಂದ ಹುಟ್ಟುವ ದೆವ್ವ, ಕರಿ ಬಟ್ಟೆ ತೊಟ್ಟು ಬರುವ ಸಾವಿನ ದೂತರು. ನನಗೆ ತಲೆಬುಡ ತಿಳಿಯದೆ ಪ್ರತಿಯೊಂದಕ್ಕೂ ಗೂಗಲ್ ಹುಡುಕುತ್ತಿದ್ದೆ. ಕಾಕುಗೆ ಅದೇನೂ ಬೇಕಿರಲಿಲ್ಲ. ಒಂದು ಕಂತಿನಲ್ಲಿ ಮುದುಕಿಯೊಬ್ಬಳು ನಸುಕಿನಲ್ಲಿ ಬಟ್ಟಲ ತುಂಬ ನೀರಿಟ್ಟು, ಅಂಗೈಗೆ ಅಂಗೈ ಉಜ್ಜುತ್ತಾ ನಿಂತಿದ್ದಳು. ಮಾತಿಲ್ಲ, ಕೆಳಗೆ ಸಾಲೂ ಇಲ್ಲ. ಇವಳೇನು ಮಾಡುತ್ತಿದ್ದಾಳೆ ಎಂದು ನಾನು ಗೊಣಗಿದೆ.

"ಮಗ ದೂರ ಹೋಗ್ಯಾನ. ಬರ್ಲಿ ಅಂತ ಬೇಡ್ಕೊಳ್ಳಾಕತ್ತಾಳ," ಎಂದರು ಕಾಕು, ರೊಟ್ಟಿಯಿಂದ ಕಣ್ಣು ತೆಗೆಯದೆ. ಎರಡು ಕಂತು ಕಳೆದ ಮೇಲೆ ಮಗ ಬಂದ.

ಸತ್ತವರ ಮನೆಯ ಬಾಗಿಲಲ್ಲಿ ಆ ದೂತರಿಗೆಂದು ಮೂರು ಬಟ್ಟಲು ಅನ್ನ, ಮೂರು ಜೊತೆ ಹುಲ್ಲಿನ ಚಪ್ಪಲಿ ಇಡುವುದನ್ನು ತೋರಿಸಿದಾಗ ಅವರಿಗೆ ಭಾರೀ ಸಂತೋಷ. "ಯಮನ ಆಳಿಗೂ ಉಣ್ಣಾಕ ಇಡ್ತಾರ! ಅಗದಿ ಛೊಲೊ ಮಂದಿ ಬೇ."

ಮುಂದೆ ಆ ಮುದುಕಿಯೇ ಸತ್ತಳು. ಮಗ ಅವಳ ಅಂಗಿ ಹಿಡಿದು ಮನೆಯ ಮಾಡಿನ ಮೇಲೆ ಹತ್ತಿದ. ಉತ್ತರ ದಿಕ್ಕಿಗೆ ಅಂಗಿ ಬೀಸುತ್ತಾ ಅವಳ ಹೆಸರನ್ನು ಮೂರು ಸಲ ಕೂಗಿದ. ಹೊರಟ ಜೀವ ತನ್ನ ಹೆಸರು ಕೇಳಿದರೆ ತಿರುಗಿ ಬಂದರೂ ಬರಬಹುದು ಎಂಬುದು ಅಲ್ಲಿಯವರ ನಂಬಿಕೆ. ಮೂರು ಸಲಕ್ಕೂ ಬರದಿದ್ದರೆ ಆಮೇಲೆ ಅಳುವುದು.

ಕಾಕು ಬಡಿಯುವುದನ್ನು ನಿಲ್ಲಿಸಿದ್ದರು. ಹಂಚಿನ ಮೇಲಿನ ರೊಟ್ಟಿ ಸೀಯಿತು. ಅವರ ಒಲೆಯ ಮೇಲೆ ರೊಟ್ಟಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೆಸರು ಎರಡಿದ್ರ ಯಾವ್ದು ಕರೀತಾರ?"

"ಆಧಾರ ಕಾರ್ಡಿನಾಗಿಂದು ಕರೀತಾರ್ರಿ," ಎಂದು ಚೇಷ್ಟೆ ಮಾಡಿದೆ.

ಅವರು ನಗಲಿಲ್ಲ. "ಅದು ಈ ಮನಿಯವ್ರು ಮದುವ್ಯಾಗ ಇಟ್ಟದ್ದು. ಅದಕ್ಕೂ ಮೊದ್ಲ ಹದಿನಾರು ವರ್ಷ ನಾ ಬ್ಯಾರೆ ಹೆಸರಿನಾಕಿ ಇದ್ದೆ. ತವರಾಗ, ಬಮ್ಮಿಗಟ್ಟ್ಯಾಗ, ನಮ್ಮವ್ವ ಆ ಹೆಸರು ಹಿಡದು ಕೂಗಿದ್ರ ಹೊಲದ ಆ ತುದಿಗೆ ಕೇಳತಿತ್ತು. ಅವ್ವ ಸತ್ತ ಮ್ಯಾಲ ಯಾರೂ ಕರ್ದಿಲ್ಲ." ಸೀದ ರೊಟ್ಟಿಯನ್ನು ತೆಗೆದಿಟ್ಟು, "ಆಧಾರದ್ದು ಕೂಗಿದ್ರ ನಾ ತಿರಗಂಗಿಲ್ಲ ನೋಡ. ನೀ ಆ ಹೆಸರ್ಲೆ ಕರೀತಿಯೇನ?" ಎಂದರು.

"ಕರೀತೀನ್ರಿ. ರೊಟ್ಟಿ ಬೇಕಲ್ಲ ನನಗ."

ಆಗ ಅವರು ಹೆಸರು ಹೇಳಿದರು. ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ, ನಾಚಿಕೊಂಡು ಹೇಳಿದರು. ನಾನು ಮುಂದಿನ ಕಂತು ಒತ್ತುತ್ತಿದ್ದೆ. ಅದರ ಹಾಡು ಶುರುವಾಗಿತ್ತು. "ಹ್ಞೂಂ" ಎಂದೆ.

"ಮರೀಬ್ಯಾಡ ಮತ್ತ."

"ಇಲ್ರಿ."

ಮರೆಯುವುದಕ್ಕಾದರೂ ಮೊದಲು ಕೇಳಿಸಿಕೊಂಡಿರಬೇಕು. ನಾನು ಕೇಳಿಸಿಕೊಂಡೇ ಇರಲಿಲ್ಲ. ಮರುದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ಅದು ನೆನಪಾಗಿ ಒಂದೇ ಹೆಸರನ್ನು ಎರಡು ಸಲ ಕರೆದೆ. ಇನ್ನೊಮ್ಮೆ ಕೇಳೋಣವೆಂದರೆ ನಾಚಿಕೆ. ಅಷ್ಟು ಆಸೆಯಿಂದ ಹೇಳಿದ್ದನ್ನು ಕೇಳಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ನಾಳೆ ಏನಾದರೂ ನೆಪ ಮಾಡಿ ಕೇಳಿದರಾಯಿತು ಎಂದುಕೊಳ್ಳುತ್ತಲೇ ಇನ್ನೂ ಆರು ಕಂತು ನೋಡಿದೆವು. ಆ ದಿನಗಳಲ್ಲಿ ಕಾಕು ಹಗುರಾಗಿದ್ದರು. ಹೆಸರನ್ನು ಒಬ್ಬರ ಕೈಗೆ ಒಪ್ಪಿಸಿದ ನಿಶ್ಚಿಂತೆ ಇರಬೇಕು. ಅದನ್ನು ನೋಡಿದಾಗಲೆಲ್ಲ ನಾನು ಬೇಗ ಮುಂದಿನ ಕಂತು ಒತ್ತುತ್ತಿದ್ದೆ. ಕೇಳಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಎದೆನೋವೆಂದು ಓಣಿಯವರು ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ನಾನು ಶಾಲೆಯಲ್ಲಿದ್ದೆ. ಮಧ್ಯಾಹ್ನ ಅವ್ವನ ಫೋನು ಬಂತು. ಕಾಕು ದಾರಿಯಲ್ಲೇ ಹೋಗಿಬಿಟ್ಟರು, ವಾಪಸ್ ತರುತ್ತಿದ್ದಾರೆ.

ಬಮ್ಮಿಗಟ್ಟಿಯಲ್ಲಿರುವ ಅವರ ಅಣ್ಣನ ಮಗನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿ ಹೇಳಿ, ಕಾಕುವಿನ ತವರಿನ ಹೆಸರೇನು ಎಂದು ಕೇಳಿದೆ. ಆತ ಅಳುತ್ತಿದ್ದವನು ತಡವರಿಸಿದ. "ನಾವು ಅತ್ತಿ ಅಂತಿದ್ವಿರಿ. ಅಪ್ಪ ಇದ್ದಿದ್ರ ಹೇಳ್ತಿದ್ದ. ಆಧಾರದಾಗ ಇರ್ತೈತಲ್ರಿ, ನೋಡ್ರಿ."

ಇಲ್ಲಿಯವರೆಗೆ ಓದಿದವರಿಗೆ ನಾನು ಅವರ ಹೆಸರನ್ನು ಯಾಕೆ ಬರೆದಿಲ್ಲ ಎಂದು ಅನ್ನಿಸಿರಬಹುದು. ಆಧಾರದಲ್ಲಿ ಇದ್ದದ್ದನ್ನು ಬರೆಯಬಹುದಿತ್ತು. ಅದಕ್ಕೆ ತಿರುಗುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ಶಾಲೆಯಿಂದ ಮನೆಗೆ ಬಂದಾಗ ಅವರನ್ನು ತರುವ ಗಾಡಿ ಇನ್ನೂ ಬಂದಿರಲಿಲ್ಲ. ನಾನು ಏಣಿ ಹತ್ತಿ ಮಾಳಿಗೆಗೆ ಹೋದೆ. ಹಗ್ಗದ ಮೇಲೆ ಹಿಂದಿನ ದಿನ ಒಗೆದು ಹಾಕಿದ್ದ ಅವರ ಹಸಿರು ಕುಪ್ಪಸವಿತ್ತು. ಎಷ್ಟು ಒಗೆದರೂ ತೋಳಿನ ಹೊಲಿಗೆಯಲ್ಲಿ ಹಿಟ್ಟು ಬಿಳಿಯಾಗಿ ಕೂತಿತ್ತು. ಅದನ್ನು ಎಳೆದುಕೊಂಡು ಉತ್ತರಕ್ಕೆ ಮುಖ ಮಾಡಿ ನಿಂತೆ. ಎತ್ತಿ ಬೀಸಿದೆ. ಬಾಯಿ ತೆರೆದರೆ ಹೆಸರಿಲ್ಲ. ಆ ಧಾರಾವಾಹಿಯ ಅಷ್ಟೂ ಜನರ ಹೆಸರು, ನಾಲಗೆ ಹೊರಳದ ಕೊರಿಯಾದ ಹೆಸರುಗಳೆಲ್ಲ ನನಗೆ ಬಾಯಿಪಾಠವಿದ್ದವು.

ಕೊನೆಗೆ "ಕಾಕೂ" ಎಂದು ಕೂಗಿದೆ. ಮತ್ತೆ ಕೂಗಿದೆ. ಮೂರನೆಯ ಸಲ ದನಿ ಒಡೆಯಿತು.

ಕೆಳಗೆ ಎದುರು ಮನೆಯ ಕಾಕು ಬಾಗಿಲಿಗೆ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿ ನೋಡಿದರು.

"ಓ ಬೇ, ನನ್ನ ಕರದಿಯೇನ?"